ಕಂಡಿದೆ, ಬೆಳೆದಿಲ್ಲ

ಮೂವತ್ತೊಂದು ವರ್ಷದಿಂದ ಊರ ಜನರ ಕೀವು, ಕಫ, ಉಚ್ಚೆ ನೋಡಿಕೊಂಡು ಹೊಟ್ಟೆ ಹೊರೆದವಳು ನಾನು. ನೆಂಟರ ಮನೆಯಲ್ಲಿ ಯಾರಾದರೂ "ನಿಮ್ದೇನು ಕೆಲಸ?" ಎಂದು ಕೇಳಿದರೆ, ಊಟ ಮುಗೀಲಿ ಹೇಳ್ತೀನಿ ಎನ್ನುತ್ತೇನೆ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಲ್ಯಾಬು. ರೋಗಿಯ ಗಾಯದಿಂದಲೋ ಗಂಟಲಿನಿಂದಲೋ ಹತ್ತಿಕಡ್ಡಿಯಲ್ಲಿ ತೆಗೆದ ಸ್ಯಾಂಪಲ್ಲು ಬರುತ್ತದೆ. ಅದನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಉಳಿದದ್ದನ್ನು ಅಂಗೈಯಗಲದ ತಟ್ಟೆಯೊಳಗಿನ ಕೆಂಪು ಲೋಳೆಯ ಮೇಲೆ ಗೀರಿ, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿ ಇಡುತ್ತೇನೆ. ಮರುದಿನ ಬೆಳಿಗ್ಗೆ ತೆಗೆದು ನೋಡಿದರೆ ಕೀಟಾಣು ಚುಕ್ಕೆ ಚುಕ್ಕೆಯಾಗಿ ಬೆಳೆದಿರುತ್ತದೆ. ಯಾವುದು ಬೆಳೆದಿದೆ, ಯಾವ ಔಷಧಿಗೆ ಸಾಯುತ್ತದೆ ಎಂದು ಬರೆದು ಮೇಲಕ್ಕೆ ಕಳಿಸಿದರೆ ನನ್ನ ಕೆಲಸ ಮುಗಿಯಿತು. ಲ್ಯಾಬಿನವರು ನನ್ನನ್ನು ತಟ್ಟೆಯಮ್ಮ ಎನ್ನುತ್ತಾರೆ. ಎದುರಿಗಲ್ಲ, ಬೆನ್ನ ಹಿಂದೆ. ನನ್ನ ಕಿವಿ ಇನ್ನೂ ಚೆನ್ನಾಗಿಯೇ ಇದೆ.

ಕೆಲಸಕ್ಕೆ ಸೇರಿದ ಮೊದಲ ವಾರ ಅಲ್ಲಿದ್ದ ಹಿರಿಯರೊಬ್ಬರು ಹೇಳಿದ್ದರು: "ಕಂಡದ್ದನ್ನ ಬರಿ. ಅಂದಾಜು ಬರೀಬೇಡ. ನಿನ್ನ ಅಂದಾಜಿಗೆ ಇನ್ಯಾರೋ ಮಾತ್ರೆ ನುಂಗಬೇಕಾಗತ್ತೆ." ಆ ಮಾತನ್ನು ನಾನು ಮೀರಿದ್ದಿಲ್ಲ. ನನ್ನ ನಾಲಿಗೆ ಚೂಪು, ಒಪ್ಪುತ್ತೇನೆ. ಹೆಸರು ಬರೆಯದೆ ಸ್ಯಾಂಪಲ್ಲು ಕಳಿಸಿದ ನರ್ಸುಗಳಿಗೆ ನಾನು ಬೈದದ್ದು ಮೂರನೇ ಮಹಡಿಗೂ ಕೇಳಿಸಿದೆಯಂತೆ. ಆದರೆ ತಟ್ಟೆ ಕೆಡಿಸಿದಳು ಎಂಬ ಮಾತು ನನ್ನ ಮೇಲೆ ಒಂದು ದಿನವೂ ಬಂದಿರಲಿಲ್ಲ. ಬಂದಾಗ ಅದು ನನ್ನ ಒಡಹುಟ್ಟಿದವನ ಬಾಯಿಂದಲೇ ಬಂತು.

ನನಗಿರುವವನು ಒಬ್ಬನೇ ತಮ್ಮ. ನೆಲಕ್ಕೆ ಟೈಲ್ಸ್ ಹಾಕುವುದು ಅವನ ಕೆಲಸ. ಅವನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ. ಜೊತೆಯ ಕೆಲಸಗಾರರು ಅವನಿಗೆ ರಸಮಟ್ಟ ಎಂದೇ ಹೆಸರಿಟ್ಟಿದ್ದರು. ನೆಲ ಮಟ್ಟವಾಗಿದೆಯೋ ಇಲ್ಲವೋ ಎಂದು ತೋರಿಸುತ್ತದಲ್ಲ, ಗುಳ್ಳೆ ಇರುವ ಪಟ್ಟಿ, ಅದರ ಹೆಸರು. ವಯಸ್ಸು ನಲವತ್ತಾರು, ಮದುವೆಯಾಗಲಿಲ್ಲ. "ನೆಲ ನೋಡ್ಕೊಂಡೇ ಬದುಕೋನಿಗೆ ಹೆಣ್ಣು ಎಲ್ಲಿ ಕಾಣ್ಬೇಕು" ಎನ್ನುವುದು ಅಮ್ಮನ ಹಳೆಯ ವರಾತ. ಅಮ್ಮನೂ ಅವನೂ ಒಂದು ಮನೆಯಲ್ಲಿ, ನಾನೂ ನನ್ನ ಗಂಡನೂ ಎರಡು ಬೀದಿ ಆಚೆ.

ಟೈಲ್ಸಿನ ಕೆಲಸವೆಂದರೆ ಬೆಳಗಿನಿಂದ ಸಂಜೆಯವರೆಗೆ ಮಂಡಿಯೂರಿ ತಲೆ ತಗ್ಗಿಸಿಯೇ ಇರಬೇಕು. ಅವನ ಕಾಯಿಲೆಗೆ ಆಗದೇ ಇದ್ದದ್ದೂ ಅದೇ. ಹುಬ್ಬಿನ ಮೇಲೆ, ಕೆನ್ನೆಯ ಒಳಗೆ, ಮೂಗಿನ ಅಕ್ಕಪಕ್ಕದ ಪೊಳ್ಳುಗಳಲ್ಲೆಲ್ಲ ಕೀವು ತುಂಬುವ ಸೈನಸ್ಸು. ಬೇರೆಯವರಿಗೆ ಬಂದರೆ ಎಂಟು ಹತ್ತು ದಿನಕ್ಕೆ ಹೋಗುತ್ತದೆ, ಇವನನ್ನು ಹಿಡಿದದ್ದು ಆರು ವರ್ಷವಾದರೂ ಬಿಟ್ಟಿರಲಿಲ್ಲ. ಎರಡು ಸಲ ಆಪರೇಷನ್ ಆಯಿತು. ಮಾತ್ರೆ ನುಂಗಿ ನುಂಗಿ ಹೊಟ್ಟೆ ಕೆಟ್ಟಿತೇ ಹೊರತು ಮೂಗು ನೆಟ್ಟಗಾಗಲಿಲ್ಲ. ಬಗ್ಗಿದರೆ ಸಾಕು, ಹುಬ್ಬಿನೊಳಗೆ ಮೊಳೆ ಹೊಡೆದ ಹಾಗೆ ನೋವು. ಒಂದು ವರ್ಷದಿಂದ ಮಂಡಿಯೂರಲಾಗದೆ, ಕಂಟ್ರಾಕ್ಟರನ ದಯೆಯಿಂದ ಕಟ್ಟಡದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಲಾರಿಯಿಂದ ಇಳಿಯುವ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದ.

"ಈಗಿನ ಹುಡುಗ್ರು ಹಾಕೋ ನೆಲ ನೋಡಿದ್ರೆ ಮೈ ಉರಿಯತ್ತೆ ಅಕ್ಕ. ಇನ್ನೊಂದು ವರ್ಷ ಹೀಗೇ ಕುರ್ಚಿ ಮೇಲೆ ಕೂತ್ರೆ ನನಗೆ ಹುಚ್ಚು ಹಿಡಿಯತ್ತೆ" ಎಂದು ಒಂದು ಸಂಜೆ ನನ್ನೆದುರು ಅತ್ತುಬಿಟ್ಟ. ಅಪ್ಪ ಸತ್ತಾಗಲೂ ಅಳದವನು. ನನಗೂ ತಡೆಯಲಾಗಲಿಲ್ಲ, ಮರುದಿನವೇ ನಮ್ಮ ಆಸ್ಪತ್ರೆಯ ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರು ಮೂಗಿನೊಳಗೆ ತೆಳುವಾದ ದೀಪದ ಕೊಳವೆ ಹಾಕಿ ಬಹಳ ಹೊತ್ತು ನೋಡಿದರು. "ಮಾತ್ರೆ ನುಂಗಿದ್ರೆ ಅದು ರಕ್ತದಲ್ಲಿ ಊರೆಲ್ಲ ಸುತ್ತಿ ಇಲ್ಲಿಗೆ ಬರೋ ಹೊತ್ತಿಗೆ ಚಿಟಿಕೆಯಷ್ಟೂ ಉಳಿಯಲ್ಲ" ಎಂದರು. "ಎರಡು ಆಪರೇಷನ್ ಆಗಿ ಒಳಗಿನ ಕಿಟಕಿಗಳು ಅಗಲ ಆಗಿವೆ. ಈಗ ನೀರು ಒಳಗೆ ಹೋಗತ್ತೆ. ಆ್ಯಂಟಿಬಯಾಟಿಕ್ಕನ್ನೇ ಉಪ್ಪು ನೀರಲ್ಲಿ ಬೆರೆಸಿ ಮೂಗು ತೊಳೆದು ನೋಡಬಹುದು. ದಿನಕ್ಕೆರಡು ಸಲ, ಆರು ವಾರ. ಎಲ್ಲರಿಗೂ ಆಗಿಬರತ್ತೆ ಅಂತ ನಾನು ಹೇಳಲ್ಲ. ಬೇರೆಯದೆಲ್ಲ ಮುಗಿದಿರೋ ನಿಮ್ಮಂಥವರಿಗೆ ಮಾತ್ರ."

"ಮಾಡಿ ಡಾಕ್ಟ್ರೇ."

"ಅದಕ್ಕೆ ಮೊದಲು ಒಳಗಿರೋದು ಯಾವ ಕೀಟಾಣು ಅಂತ ಗೊತ್ತಾಗಬೇಕು. ಕತ್ತಲಲ್ಲಿ ಕಲ್ಲು ಹೊಡೆಯೋದು ಬೇಡ. ಹದಿನೈದು ದಿನ ಯಾವ ಆ್ಯಂಟಿಬಯಾಟಿಕ್ಕೂ ಮುಟ್ಟಬೇಡಿ. ಮಾತ್ರೆ ಬೇಡ, ಮೂಗಿಗೆ ಹಚ್ಚೋ ಮುಲಾಮೂ ಬೇಡ. ಬರೀ ಉಪ್ಪು ನೀರಲ್ಲಿ ತೊಳ್ಕೊಳ್ಳಿ. ನೋವು ಜಾಸ್ತಿ ಆಗತ್ತೆ, ತಡ್ಕೊಳ್ಳಬೇಕು. ಹದಿನಾರನೇ ದಿನ ಕೀವು ತೆಗೆದು ನಿಮ್ಮ ಅಕ್ಕನ ಹತ್ರಾನೇ ಕಳಿಸ್ತೀನಿ." ಸ್ವಲ್ಪ ತಡೆದು ಸೇರಿಸಿದರು: "ಏನೂ ಸಿಗದಿದ್ರೆ ಹಣೆ ಕಡೆಯಿಂದ ಮೂರನೇ ಆಪರೇಷನ್ ಯೋಚನೆ ಮಾಡಬೇಕಾಗತ್ತೆ. ಅದು ಕಣ್ಣಿನ ಪಕ್ಕದ ಕೆಲಸ. ನನಗೇ ಇಷ್ಟ ಇಲ್ಲ."

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಎಪ್ಪತ್ತನಾಲ್ಕರ ಅಮ್ಮ ತಲೆಯಾಡಿಸಿ ಕೇಳಿಸಿಕೊಂಡಳು. ಮೂಗು ತೊಳೆಯುವ ನೀರು ಆರು ವರ್ಷದಿಂದ ಅವಳದೇ ಪಾಲಿನ ಕೆಲಸ. ಬೆಳಿಗ್ಗೆ ಸಂಜೆ ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ, ಉಪ್ಪು ಅಳೆದು ಹಾಕಿ, ಆರಿಸಿ, ಹಿಸುಕುವ ಬಾಟಲಿಗೆ ತುಂಬಿ ಅವನ ಕೈಗೆ ಕೊಡುವಳು. ಅವನು ಬಚ್ಚಲ ಬೇಸಿನ್ ಮೇಲೆ ಬಗ್ಗಿ ತೊಳೆಯುವಾಗ ಹಿಂದೆ ಟವೆಲ್ ಹಿಡಿದು ನಿಲ್ಲುವಳು. ನಲವತ್ತಾರರ ಮಗನಿಗೆ "ಮೂಗು ಸೀಟು, ಜೋರಾಗಿ ಸೀಟು" ಎಂದು ಹೇಳಿಕೊಡುವ ತಾಯಿಯನ್ನು ನೀವು ಬೇರೆಲ್ಲೂ ನೋಡಿರಲಿಕ್ಕಿಲ್ಲ.

ಮೊದಲ ವಾರ ಅವನು ಪಟ್ಟ ಪಾಡು ಯಾರಿಗೂ ಬೇಡ. ಹಣೆಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದ. ಊಟ ಸೇರುತ್ತಿರಲಿಲ್ಲ. ಎಂಟನೇ ದಿನ ನಾನು ಹೋದಾಗ ಗೋಡೆಗೆ ಮೆಲ್ಲಗೆ ತಲೆ ಬಡಿದುಕೊಳ್ಳುತ್ತಿದ್ದ. ಹಾಗೆ ಮಾಡಿದರೆ ಒಳಗಿನ ನೋವು ಸ್ವಲ್ಪ ಮರೆಯುತ್ತದಂತೆ. ಅಮ್ಮ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದಳು. "ನಿಮ್ಮ ಡಾಕ್ಟ್ರಿಗೆ ಮಕ್ಕಳಿಲ್ವೇನೇ?" ಎಂದು ನನ್ನನ್ನು ಕೇಳಿದಳು. ಹತ್ತನೇ ದಿನದ ಹೊತ್ತಿಗೆ ಅವನಿಗೆ ನೋವು ಇಳಿಯಿತು. "ಅಭ್ಯಾಸ ಆಯ್ತು ಅಂತ ಕಾಣತ್ತೆ ಅಕ್ಕ" ಎಂದ. ನಾನೂ ಪೆದ್ದಿ, ಹೌದಿರಬಹುದು ಎಂದುಕೊಂಡೆ.

ಹದಿನಾರನೇ ದಿನ ಸ್ಯಾಂಪಲ್ಲು ಬಂತು. ಹೆಸರಿನ ಚೀಟಿಯನ್ನು ಎರಡು ಸಲ ಓದಿದೆ. ಸ್ಲೈಡ್ ಮಾಡಿ ನೋಡಿದೆ: ಕೀವಿನ ಕಣಗಳ ನಡುವೆ ನೇರಳೆ ಬಣ್ಣದ ದುಂಡು ಕೀಟಾಣುಗಳ ಗೊಂಚಲು. "ಸಿಕ್ಕಿಬಿದ್ದೆಯಾ ಕಳ್ಳ" ಎಂದು ಗಟ್ಟಿಯಾಗಿಯೇ ಅಂದೆ. ಪಕ್ಕದ ಮೇಜಿನ ಜೂನಿಯರ್ ಹುಡುಗಿ ನಕ್ಕಳು. ಕೀವನ್ನು ತಟ್ಟೆಗೆ ಗೀರಿ ಪೆಟ್ಟಿಗೆಯಲ್ಲಿಟ್ಟೆ.

ಮರುದಿನ ತಟ್ಟೆ ಖಾಲಿ.

ಕೆಲವು ನಿಧಾನ ಬೆಳೆಯುತ್ತವೆ, ನೋಡೋಣ ಎಂದು ಮತ್ತೆ ಒಳಗಿಟ್ಟೆ. ಎರಡನೇ ದಿನವೂ ಖಾಲಿ. ಮೂರನೇ ದಿನ ತಟ್ಟೆಯನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ನಾನು ಗೀರಿದ ಗೆರೆಗಳು ಕೆಂಪು ಲೋಳೆಯ ಮೇಲೆ ಹಾಗೆಯೇ ಇದ್ದವು, ಒಂದು ಚುಕ್ಕೆ ಕೂಡ ಮೂಡಿರಲಿಲ್ಲ. ಅದೇ ದಿನ ಅದೇ ಪೆಟ್ಟಿಗೆಯಲ್ಲಿಟ್ಟ ಬೇರೆಯವರ ತಟ್ಟೆಗಳೆಲ್ಲ ಹುಲುಸಾಗಿ ಬೆಳೆದಿದ್ದವು. ತಟ್ಟೆಯದು ತಪ್ಪಿಲ್ಲ, ಪೆಟ್ಟಿಗೆಯದು ತಪ್ಪಿಲ್ಲ, ನನ್ನದೂ ತಪ್ಪಿಲ್ಲ. ಸ್ಲೈಡಿನಲ್ಲಿ ಕಾಣಿಸಿ ತಟ್ಟೆಯಲ್ಲಿ ಬೆಳೆಯದಿದ್ದರೆ ಈ ಕೆಲಸದವರಿಗೆ ಮೊದಲು ಹೊಳೆಯುವುದು ಒಂದೇ: ಕೀಟಾಣುವಿನ ಮೇಲೆ ಆಗಲೇ ಮದ್ದು ಬಿದ್ದಿದೆ, ಅರೆಜೀವವಾಗಿದೆ.

ರಿಜಿಸ್ಟರಿನಲ್ಲಿ ಬರೆದೆ: ಸ್ಲೈಡಿನಲ್ಲಿ ಕಂಡಿದೆ, ತಟ್ಟೆಯಲ್ಲಿ ಬೆಳೆದಿಲ್ಲ. ಬರೆದು, ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅಮ್ಮನ ಮನೆಗೆ ಹೋದೆ.

ತಮ್ಮ ಕೆಲಸದ ಕಡೆ ಹೋಗಿದ್ದ. ಅಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು. "ಏನೇ ಇಷ್ಟು ಹೊತ್ತಲ್ಲಿ?" ಎಂದಳು. ನಾನು ನೇರ ಅಡುಗೆಮನೆಗೆ ಹೋಗಿ ನೀರು ಕಾಯಿಸುವ ಪಾತ್ರೆ ತೆಗೆದೆ. ಬೆಳಗಿನ ನೀರು ತಳದಲ್ಲಿ ಸ್ವಲ್ಪ ಉಳಿದಿತ್ತು. ಅದರ ಮೇಲೆ ತೆಳುವಾದ ಜಿಡ್ಡಿನ ಪದರ. ಬೆರಳಾಡಿಸಿದೆ, ಜಾರಿತು. ಉಪ್ಪು ನೀರಿಗೆ ಜಿಡ್ಡು ಎಲ್ಲಿಂದ ಬರಬೇಕು? ಚಹಾ ಪುಡಿಯ ಡಬ್ಬದ ಹಿಂದೆ ಕೈ ಹಾಕಿದೆ, ಅಮ್ಮ ಏನನ್ನಾದರೂ ಅಡಗಿಸಿದರೆ ಅಲ್ಲೇ. ಮುಲಾಮಿನ ಟ್ಯೂಬು ಸಿಕ್ಕಿತು. ಮೊದಲ ಆಪರೇಷನ್ ಆದಾಗ ಮೂಗಿನೊಳಗೆ ಹಚ್ಚಲು ಕೊಟ್ಟಿದ್ದರಲ್ಲ, ಅದೇ ಹಸಿರು ಪಟ್ಟಿಯದು. ಹಳೆಯದಲ್ಲ, ಹೊಸದು. ಅರ್ಧ ಖಾಲಿಯಾಗಿತ್ತು.

"ಅಮ್ಮಾ! ಏನಿದು?"

ಅವಳು ಈಳಿಗೆ ಬಿಟ್ಟು ಎದ್ದು ಬಂದಳು. ಟ್ಯೂಬು ನೋಡಿದಳು, ನನ್ನನ್ನು ನೋಡಿದಳು. ಸುಳ್ಳು ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

"ಹಳೇ ಟ್ಯೂಬು ತೋರಿಸಿದೆ, ಮೆಡಿಕಲ್ ಅಂಗಡಿಯವನು ಕೊಟ್ಟ" ಎಂದಳು. "ಹಚ್ಚಲಿಲ್ಲ ಕಣೇ. ಹಚ್ಚಿದ್ರೆ ಅವನಿಗೆ ಗೊತ್ತಾಗ್ತಿತ್ತು. ಕಡಲೆಕಾಳಿನಷ್ಟು ಬಿಸಿ ನೀರಲ್ಲಿ ಕದಡಿದೆ, ಅಷ್ಟೇ. ಎಂಟನೇ ದಿನದಿಂದ. ಅವನು ಗೋಡೆಗೆ ತಲೆ ಚಚ್ಕೋತಿದ್ದ. ನೀನು ನೋಡಿ ಮನೆಗೆ ಹೋದೆ. ನಾನು ಎಲ್ಲಿಗೆ ಹೋಗ್ಲಿ?"

ನನಗೆ ಎಂಥ ಸಿಟ್ಟು ಬಂತೆಂದರೆ ಟ್ಯೂಬನ್ನು ಗೋಡೆಗೆ ಎಸೆದೆ. "ಹದಿನೈದು ದಿನ ಅವನು ಪಟ್ಟ ನೋವೆಲ್ಲ ನೀರಲ್ಲಿ ಹೋಮ ಆಯ್ತಲ್ಲ! ತಟ್ಟೆ ಖಾಲಿ ಬಂದಿದೆ. ಏನೂ ಬೆಳೆದಿಲ್ಲ. ಡಾಕ್ಟ್ರು ಹಣೆ ಕೊರೀಬೇಕು ಅಂತಾರೆ, ಕಣ್ಣಿನ ಪಕ್ಕ! ನಿನ್ನ ಕಡಲೆಕಾಳು ಏನು ಮಾಡಿತು ಗೊತ್ತಾಯ್ತಾ?"

ಗೊತ್ತಾಯಿತು ಎಂದು ಅವಳ ಮುಖವೇ ಹೇಳಿತು. ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅತ್ತಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಡಾಕ್ಟ್ರಿಗೆ ಹೇಳು, ಬೇಕಾದ್ರೆ ನನ್ನ ಜೈಲಿಗೆ ಹಾಕ್ಸು. ಅವನಿಗೆ ಮಾತ್ರ ಹೇಳಬೇಡ. ಅವನಿಗೆ ಗೊತ್ತಾದ್ರೆ ನನ್ನ ಕೈಯಿಂದ ಹನಿ ನೀರೂ ಮುಟ್ಟಲ್ಲ ಕಣೇ. ನನಗೆ ಇನ್ನೇನಿದೆ ಕೆಲಸ?"

ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೆತ್ತ ತಾಯಿ ನೆಲದ ಮೇಲೆ ಕೂತು ಕೈ ಹಿಡಿದರೆ ಯಾರು ತಾನೇ ಇಲ್ಲ ಎನ್ನುತ್ತಾರೆ? ಆಯ್ತು ಎಂದೆ. ಆ ಒಂದು ಮಾತಿಗೆ ನಾನು ಎಷ್ಟು ತೆರಬೇಕಾಗುತ್ತದೆ ಎಂದು ಆಗ ಯೋಚಿಸಲಿಲ್ಲ.

ಡಾಕ್ಟರ ಹತ್ತಿರ ಮುಚ್ಚಿಡಲಿಲ್ಲ. ಅವರು ರಿಪೋರ್ಟು ನೋಡಿದರು. "ನಿಮ್ಮ ತಮ್ಮ ಕದ್ದು ಹಚ್ಕೊಂಡ್ರಾ?" ಎಂದರು. ಅವನಲ್ಲ, ಅವನಿಗೆ ಗೊತ್ತೇ ಇಲ್ಲ, ಮನೆಯವರ ತಪ್ಪು ಎಂದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇನ್ನೊಂದು ಸಲ ಹದಿನೈದು ದಿನ. ಬೇರೆ ದಾರಿ ಇಲ್ಲ. ಸ್ಯಾಂಪಲ್ ಮತ್ತೆ ಬೇಕು ಅಂತ ನಾನು ಹೇಳ್ತೀನಿ. ಯಾಕೆ ಅನ್ನೋದನ್ನ ನೀವೇ ಹೇಳ್ಕೊಳ್ಳಿ. ನನ್ನ ಬಾಯಲ್ಲಿ ಸುಳ್ಳು ಹೇಳಿಸಬೇಡಿ."

ಆ ಸಂಜೆ ಮೂವರೂ ಊಟಕ್ಕೆ ಕೂತಾಗ ಹೇಳಿದೆ. "ತಟ್ಟೆ ಕೆಟ್ಟುಹೋಯ್ತು ಕಣೋ. ನನ್ನ ಕೈಯಿಂದ. ಪೆಟ್ಟಿಗೆ ಬಾಗಿಲು ಸರಿಯಾಗಿ ಹಾಕಿರ್ಲಿಲ್ಲ."

ಅವನು ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. "ನಿನ್ನ ಕೈಯಿಂದ?"

"ಹೂಂ."

"ಇನ್ನೊಂದು ಸಲ ಹದಿನೈದು ದಿನಾನಾ ಅಕ್ಕ?" ಅವನ ದನಿ ಮಗುವಿನದರ ಹಾಗೆ ಸಣ್ಣದಾಯಿತು. ನಾನು ತಲೆಯಾಡಿಸಿದೆ. ಅವನು ತುತ್ತನ್ನು ತಟ್ಟೆಗೆ ಹಾಕಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ.

ಬೈದವಳು ಅಮ್ಮ. "ಮೂವತ್ತು ವರ್ಷ ಅದೇ ಕೆಲಸ ಮಾಡ್ತೀಯ, ನಿನ್ನ ತಮ್ಮಂದು ಒಂದು ತಟ್ಟೆ ನೋಡ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?"

ನಾನು ಅವಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ, ಮಗನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು. ಎದ್ದು ಕೈ ತೊಳೆದು ಮನೆಗೆ ಬಂದೆ. ಗಂಡ ಏನಾಯಿತು ಎಂದು ಕೇಳಿದ್ದಕ್ಕೆ ಅವರ ಮೇಲೆ ರೇಗಿದೆ. ಪಾಪ, ಅವರೇನು ಮಾಡಿದ್ದರು?

ಎರಡನೇ ಹದಿನೈದು ದಿನ ನಾನು ಅಮ್ಮನನ್ನು ಒಲೆಯ ಹತ್ತಿರ ಬಿಡಲಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮೊದಲು, ಸಂಜೆ ಬಂದ ಮೇಲೆ, ನಾನೇ ನೀರು ಕಾಯಿಸಿದೆ. "ಕೆಡಿಸಿದ್ದು ನಾನಲ್ವಾ, ನಾನೇ ಮಾಡ್ತೀನಿ" ಎಂದೆ. ತಮ್ಮನಿಗೆ ಅದು ಪ್ರಾಯಶ್ಚಿತ್ತದ ಹಾಗೆ ಕಂಡಿರಬೇಕು. ಅಮ್ಮ ಕುರ್ಚಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. ಈ ಸಲ ನೋವು ಎಂಟನೇ ದಿನಕ್ಕೂ ಇಳಿಯಲಿಲ್ಲ, ಹತ್ತಕ್ಕೂ ಇಳಿಯಲಿಲ್ಲ. ಹದಿಮೂರನೇ ದಿನ ಅವನು ವಾಂತಿ ಮಾಡಿಕೊಂಡ. ಅವನ ಬೆನ್ನು ಸವರುತ್ತ ನಾನೂ ಒಂದು ಗಳಿಗೆ ಆ ಟ್ಯೂಬಿನ ಬಗ್ಗೆ ಯೋಚಿಸಿದೆ. ಸುಳ್ಳು ಯಾಕೆ ಹೇಳಲಿ? ಯೋಚಿಸಿದೆ.

ಅಷ್ಟರಲ್ಲಿ ಮಾತು ಆಸ್ಪತ್ರೆಗೂ ಬಂದಿತ್ತು. ತಮ್ಮ ಕೆಲಸದ ಕಡೆ ಯಾರ ಹತ್ತಿರವೋ ಹೇಳಿಕೊಂಡಿದ್ದ, ಅವರ ಮನೆಯವರೊಬ್ಬರು ನಮ್ಮಲ್ಲಿ ವಾರ್ಡಿನ ಆಯಾ. "ತಟ್ಟೆಯಮ್ಮ ಸ್ವಂತ ತಮ್ಮನ ತಟ್ಟೇನೇ ಕೆಡಿಸಿದ್ಲಂತೆ" ಎಂಬುದು ಮೂರು ಮಹಡಿಯನ್ನೂ ಸುತ್ತಿತು. ನಾನು ಯಾವಾಗಲೋ ಬೈದ ನರ್ಸುಗಳಿಗೆ ಹಾಲು ಕುಡಿದಷ್ಟು ಸಂತೋಷ. ಜೂನಿಯರ್ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ರಿಜಿಸ್ಟರಲ್ಲಿ ಬೇರೆ ಥರ ಇದೆಯಲ್ಲ?" ನಿನ್ನ ಕೆಲಸ ನೋಡ್ಕೋ ಎಂದೆ. ಮೂವತ್ತೊಂದು ವರ್ಷ ಕಟ್ಟಿದ ಹೆಸರು ಒಂದು ಊಟದ ಹೊತ್ತಿನಲ್ಲಿ ಹೋಯಿತು. ಅಳು ಬಂದಾಗ ಸ್ಟೋರ್ ರೂಮಿಗೆ ಹೋಗಿ ಅತ್ತೆ.

ಎರಡನೇ ತಟ್ಟೆ ಒಂದೇ ದಿನಕ್ಕೆ ಬೆಳೆಯಿತು. ಹೊನ್ನಿನ ಬಣ್ಣದ ದುಂಡು ಚುಕ್ಕೆಗಳು, ಸಾಲು ಸಾಲಾಗಿ. ಔಷಧಿ ಹಾಕಿದ ಸಣ್ಣ ಬಿಲ್ಲೆಗಳನ್ನು ಇನ್ನೊಂದು ತಟ್ಟೆಯಲ್ಲಿಟ್ಟು ಪರೀಕ್ಷೆ ಮಾಡಿದೆ. ಕೆಲವು ಬಿಲ್ಲೆಗಳಿಗೆ ಆ ಕೀಟಾಣು ಕ್ಯಾರೇ ಎನ್ನಲಿಲ್ಲ. ಒಂದರ ಸುತ್ತ ಮಾತ್ರ ಅಗಲವಾದ ಖಾಲಿ ವೃತ್ತ. ಅದು ಹಸಿರು ಪಟ್ಟಿಯ ಮುಲಾಮಿನ ಮದ್ದೇ ಆಗಿತ್ತು. ಆಗಲೇಬೇಕಿತ್ತು, ಅಮ್ಮ ಹಾಕಿದ ಕಡಲೆಕಾಳಿಗೆ ಅದು ತಲೆ ಎತ್ತದೇ ಇದ್ದದ್ದು ಅದಕ್ಕೇ. ಅರೆಬರೆ ಹಾಕಿದ್ದರಿಂದ ಆ ಮದ್ದನ್ನೂ ತಡೆದುಕೊಳ್ಳಲು ಅದು ಕಲಿತುಬಿಡಬಹುದಿತ್ತು. ಕಲಿತಿರಲಿಲ್ಲ, ನಮ್ಮ ಪುಣ್ಯ.

ಡಾಕ್ಟರು ಅದನ್ನೇ ಬರೆದರು. ಇಂತಿಷ್ಟು ಬೆಚ್ಚನೆಯ ಉಪ್ಪು ನೀರಿಗೆ ಇಂತಿಷ್ಟು ಉದ್ದ ಮುಲಾಮು, ಪೂರ್ತಿ ಕದಡಬೇಕು, ಬಾಟಲಿಯನ್ನು ದಿನಾ ಬಿಸಿ ನೀರಲ್ಲಿ ತೊಳೆಯಬೇಕು, ಆರು ವಾರದಲ್ಲಿ ಒಂದು ಹೊತ್ತೂ ತಪ್ಪಬಾರದು. ತಮ್ಮ ಟ್ಯೂಬುಗಳ ಚೀಲ ತಂದು ಮೇಜಿನ ಮೇಲೆ ಸುರಿದ. ಅಮ್ಮ ಹಸಿರು ಪಟ್ಟಿ ನೋಡಿ, ಅವನ ಹೆಗಲ ಮೇಲಿಂದ ನನ್ನ ಕಡೆ ಕಣ್ಣರಳಿಸಿದಳು. ಬಾಯಿ ಮುಚ್ಚು ಎಂದು ಕಣ್ಣಲ್ಲೇ ಗದರಿದೆ.

ಮದ್ದಿನ ನೀರು ಕದಡುವ ಕೆಲಸ ಮತ್ತೆ ಅಮ್ಮನಿಗೇ ಹೋಯಿತು. ಈಗ ಕದ್ದು ಹಾಕಲು ಏನೂ ಇರಲಿಲ್ಲವಲ್ಲ. ಎರಡನೇ ವಾರಕ್ಕೆ ಅವನ ಕೀವು ತೆಳುವಾಯಿತು. ನಾಲ್ಕನೇ ವಾರ ಶೂ ದಾರ ಕಟ್ಟಿಕೊಳ್ಳಲು ಬಗ್ಗಿದವನು ಬಗ್ಗಿದಲ್ಲೇ ನಿಂತ. "ಅಮ್ಮಾ, ನೋವಿಲ್ಲ!" ಎಂದು ಕೂಗಿದನಂತೆ. ಆರು ವಾರ ಮುಗಿಯುವ ಹೊತ್ತಿಗೆ ಕುರ್ಚಿ ಬಿಟ್ಟು ಮಂಡಿಯೂರಿ, ಒಂದು ಸಣ್ಣ ಕೋಣೆಯ ನೆಲ ಹಾಕಿ ಬಂದ. ನನಗೆ ಫೋನು ಮಾಡಿ ಹೇಳಿದ. ಸಂತೋಷದ ಸುದ್ದಿಯೇ, ಆದರೆ ದನಿಯಲ್ಲಿ ಮೊದಲಿನ ಸಲಿಗೆ ಇರಲಿಲ್ಲ.

ಮದ್ದು ನಿಲ್ಲಿಸಿ ಹದಿನೈದು ದಿನ ಬರೀ ಉಪ್ಪು ನೀರು, ಆಮೇಲೆ ಇನ್ನೊಂದು ಸ್ಯಾಂಪಲ್ಲು ಎಂದು ಡಾಕ್ಟರು ಹೇಳಿದ್ದರು. ಕೀಟಾಣು ನಿಜವಾಗಿ ಹೋಯಿತೇ, ಮದ್ದಿಗೆ ಹೆದರಿ ಅಡಗಿ ಕೂತಿದೆಯೇ ಎಂದು ನೋಡಲು. ಸ್ಯಾಂಪಲ್ಲು ಕೊಡುವ ಹಿಂದಿನ ಸಂಜೆ ಅಮ್ಮನ ಮನೆಗೆ ಹೋದೆ. ಅವನು ಕೆಲಸದಿಂದ ಆಗ ತಾನೇ ಬಂದು ಮಂಡಿಯ ಸಿಮೆಂಟು ಒರೆಸಿಕೊಳ್ಳುತ್ತಿದ್ದ. ಅಮ್ಮ ಒಲೆಯ ಮೇಲೆ ನೀರಿಟ್ಟಿದ್ದಳು.

"ಅಕ್ಕ, ಬೇಜಾರು ಮಾಡ್ಕೋಬೇಡ" ಎಂದ, ನನ್ನ ಮುಖ ನೋಡದೆ. "ನಾಳೆ ಸ್ಯಾಂಪಲ್ ಹೊರಗಡೆ ಲ್ಯಾಬಿಗೆ ಕೊಡೋಣ ಅಂತಿದ್ದೀನಿ. ಇನ್ನೊಂದು ಸಲ ಏನಾದ್ರೂ ಆದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ನಾನು ಅಮ್ಮನ ಕಡೆ ನೋಡಿದೆ. ಹೇಳು, ಈಗಲಾದರೂ ಹೇಳು, ನಾನು ಕೆಡಿಸಲಿಲ್ಲ ಅಂತ ಒಂದೇ ಒಂದು ಮಾತು ಹೇಳು ಎಂದು ಒಳಗೊಳಗೇ ಬೇಡಿಕೊಂಡೆ. ಅವಳು ನೀರಿಗೆ ಉಪ್ಪು ಹಾಕಿ ಚಮಚ ಆಡಿಸುತ್ತಿದ್ದಳು.

"ಆಯ್ತಪ್ಪ, ನಿನ್ನಿಷ್ಟ" ಎಂದೆ.

ನನ್ನನ್ನು ಸಮಾಧಾನ ಮಾಡಲೆಂದೋ ಏನೋ, ಅವನು ಮಾತು ತಿರುಗಿಸಿದ. "ಆದ್ರೂ ಎಂಥಾ ಮದ್ದು ಅಲ್ವಾ ಅಕ್ಕ! ಆರು ವರ್ಷ ಯಾರಿಗೂ ಹೊಳೆಯಲಿಲ್ಲ ನೋಡು. ಮೂಗಿಗೆ ಹಚ್ಚೋ ಮುಲಾಮನ್ನ ನೀರಲ್ಲಿ ಕದಡಿ ತೊಳೆಯೋದು ಅಂತ ಆ ಡಾಕ್ಟ್ರಿಗೆ ಹೊಳೀತಲ್ಲ. ಏನು ತಲೆ!"

"ಡಾಕ್ಟ್ರಿಗೆ ಏನು ಹೊಳೆಯೋದು?" ಅಮ್ಮ ತಿರುಗಿದಳು. ಅವಳ ಮುಖ ಅರಳಿತ್ತು. "ಅದೇ ಮುಲಾಮನ್ನ ಅದೇ ಥರ ಅವರಿಗಿಂತ ಮೊದಲು ನಾನೇ ಕದಡಿ ಹಾಕಿರ್ಲಿಲ್ವಾ? ನಿನ್ನ ನೋವು ಇಳಿದಿದ್ದು ಯಾರ ಕೈಯಿಂದ ಅಂದ್ಕೊಂಡೆ?"

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೆ ತಿಳಿಯಿತು. ಚಮಚ ಹಿಡಿದ ಕೈ ಹಾಗೇ ನಿಂತಿತು. ನನ್ನ ಮರ್ಯಾದೆಗೆ ತೆರೆಯದ ಬಾಯಿ ಹೆಗ್ಗಳಿಕೆಗೆ ತೆರೆಯಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು.

ತಮ್ಮ ಅವಳನ್ನು ನೋಡಿದ. "ಯಾವಾಗ ಹಾಕಿದ್ದೆ?"

ಅಮ್ಮ ಚಮಚ ಕೆಳಗಿಟ್ಟಳು.

"ಮೊದಲನೇ ಸಲಾನಾ? ನಾನು ಗೋಡೆ ಹತ್ರ ಕೂತಿದ್ದಾಗ?" ಅವನು ಲೆಕ್ಕ ಹಾಕುತ್ತಿದ್ದದ್ದು ಕಾಣುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕ. ತಟ್ಟೆ ಕೆಟ್ಟಿರ್ಲಿಲ್ವಾ?"

"ಇಲ್ಲ."

"ಮತ್ತೆ ನೀನ್ಯಾಕೆ..."

"ಅವಳು ಬೇಡಿಕೊಂಡಳು ಕಣೋ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಊರೆಲ್ಲ ನಿನ್ನ ಬೈಕೊಂಡು ಬಂದೆನಲ್ಲಕ್ಕ" ಎಂದ. ಅವನ ಹೆಗಲು ಅಲುಗಿತು. ಅಮ್ಮ "ನಿನಗೆ ನೋವಾಗ್ತಿತ್ತು ಕಣೋ ಮಗಾ" ಎಂದಳು. "ಗೊತ್ತಮ್ಮ" ಎಂದ, ಅಷ್ಟೇ. ಸಿಟ್ಟು ಇರಲಿಲ್ಲ ಅವನ ದನಿಯಲ್ಲಿ. ಇದ್ದಿದ್ದರೆ ಅಮ್ಮ ಜಗಳವಾಡಿ ಹಗುರಾಗುತ್ತಿದ್ದಳು.

ನೀರು ಆರಿತ್ತು. ಅಮ್ಮ ಬಾಟಲಿಗೆ ತುಂಬಿ ಅವನ ಮುಂದೆ ಹಿಡಿದಳು. ಅವನು ತೆಗೆದುಕೊಂಡ. ಬಾಟಲಿಯನ್ನು ದೀಪದ ಬೆಳಕಿಗೆ ಎತ್ತಿ ಹಿಡಿದು ನೋಡಿದ. ನಾನು ತಟ್ಟೆ ನೋಡುವುದೂ ಹಾಗೆಯೇ.

"ಈ ನೀರಲ್ಲಿ ಏನಿದೆ ಅಮ್ಮ?"

"ಉಪ್ಪು ಕಣೋ. ಬರೀ ಉಪ್ಪು. ನಿನ್ನಾಣೆಗೂ."

ಅವನು ಸಿಂಕಿನ ಹತ್ತಿರ ಹೋಗಿ ಬಾಟಲಿಯನ್ನು ಮೆಲ್ಲಗೆ ಬಗ್ಗಿಸಿ ನೀರನ್ನು ಚೆಲ್ಲಿದ. ಪಾತ್ರೆಯನ್ನು ಸೋಪು ಹಾಕಿ ತೊಳೆದ. ಹೊಸ ನೀರು ಹಿಡಿದು ಒಲೆಯ ಮೇಲಿಟ್ಟ. ಅಮ್ಮ ಅವನ ಪಕ್ಕಕ್ಕೆ ಹೋದಳು. "ನೀನು ಕೂತ್ಕೋ ಅಮ್ಮ, ನಾನು ಮಾಡ್ಕೋತೀನಿ" ಎಂದ.

ಅವಳು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಎರಡೂವರೆ ತಿಂಗಳಿಂದ ನಾನು ಕಾದದ್ದು ನಿಜ ಹೊರಗೆ ಬರಲಿ ಎಂದೇ. ಈಗ ಬಂದಿದ್ದರೂ ನನಗೆ ಸಂತೋಷವಾಗಲಿಲ್ಲ, ದುಃಖವಾಯಿತು. ಅವಳ ಕೈ ಹಿಡಿಯೋಣ ಎನಿಸಿತು, ಹಿಡಿಯಲೂ ಆಗಲಿಲ್ಲ. ಅವಳು ಟವೆಲನ್ನು ತೊಡೆಯ ಮೇಲಿಟ್ಟು ಮಡಿಸುತ್ತಿದ್ದಳು, ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ತಮ್ಮ ಒಲೆಯ ಮುಂದೆ ನಮಗೆ ಬೆನ್ನು ಮಾಡಿ ನಿಂತೇ ಹೇಳಿದ: "ಅಕ್ಕ, ನಾಳೆ ಸ್ಯಾಂಪಲ್ ಬೇಡ. ಇವತ್ತಿಂದ ಹದಿನೈದು ದಿನ ನಾನೇ ನೀರು ಕಾಯಿಸ್ಕೋತೀನಿ. ಆಮೇಲೆ ಬರ್ತೀನಿ. ನಿನ್ನ ಹತ್ರಾನೇ."